ಶೇ 100ರ ಕೆಳಗಿರುವ ಛೇದವನ್ನೂ ಪ್ರಕಟಿಸಿ

ಇವರಿಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯಿತಿ, ಚಿಕ್ಕಬಳ್ಳಾಪುರ
ಉಪನಿರ್ದೇಶಕರು (ಆಡಳಿತ), ಶಾಲಾ ಶಿಕ್ಷಣ ಇಲಾಖೆ, ಚಿಕ್ಕಬಳ್ಳಾಪುರ

ವಿಷಯ: ಪ್ರೌಢಶಾಲೆಗಳನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದ ಮೇಲೆ ಶ್ರೇಣೀಕರಿಸುವ ಪಟ್ಟಿಯ ಬಗ್ಗೆ

ಮಾನ್ಯರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಸಂಜೆಯೊಳಗೆ ಒಂದು ಎಕ್ಸೆಲ್ ಹಾಳೆ ಎಲ್ಲ ಮುಖ್ಯ ಶಿಕ್ಷಕರ ಫೋನಿಗೂ ಬಂದಿರುತ್ತದೆ. ಕ್ರಮಸಂಖ್ಯೆ, ಶಾಲೆಯ ಹೆಸರು, ಹಾಜರಾದವರು, ಉತ್ತೀರ್ಣರಾದವರು, ಶೇಕಡಾ, ಸ್ಥಾನ. ಮೇಲಿನ ಸಾಲುಗಳಿಗೆ ಹಸಿರು, ಕೆಳಗಿನವಕ್ಕೆ ಕೆಂಪು. ಯಾರಿಗೆ ಶಾಲು-ಹಾರ, ಯಾರಿಗೆ ಕಾರಣ ಕೇಳಿ ನೋಟಿಸ್, ಯಾವ ಶಾಲೆಗೆ ಜೂನ್‌ನಲ್ಲಿ ಮಕ್ಕಳು ಸೇರುತ್ತಾರೆ, ಯಾವ ಶಾಲೆ ಖಾಲಿಯಾಗುತ್ತದೆ, ಎಲ್ಲವೂ ಆ ಒಂದು ಹಾಳೆಯಿಂದಲೇ ತೀರ್ಮಾನವಾಗುತ್ತದೆ. ಹಾಳೆ ಬೇಡ ಎಂದು ನಾವು ಹೇಳುತ್ತಿಲ್ಲ. ಶಾಲೆಗಳನ್ನು ಅಳೆಯಬೇಕು, ಅಳತೆ ಊರಿಗೆ ಗೊತ್ತಾಗಬೇಕು. ನಮ್ಮ ತಕರಾರು ಇರುವುದು ಅದರ ಮೂರನೇ ಕಾಲಂ ಬಗ್ಗೆ: ‘ಹಾಜರಾದವರು’.

ಭಿನ್ನರಾಶಿಯಲ್ಲಿ ಮೇಲಿನದು ಅಂಶ, ಕೆಳಗಿನದು ಛೇದ ಎಂದು ನಾವೇ ಮಕ್ಕಳಿಗೆ ಕಲಿಸುತ್ತೇವೆ. ಭಿನ್ನರಾಶಿಯ ಬೆಲೆ ಹೆಚ್ಚಿಸಲು ಎರಡು ದಾರಿ, ಅಂಶವನ್ನು ಏರಿಸುವುದು ಇಲ್ಲವೇ ಛೇದವನ್ನು ಇಳಿಸುವುದು. ಮೊದಲನೆಯದಕ್ಕೆ ಮೂರು ವರ್ಷದ ಪಾಠ ಬೇಕು. ಎರಡನೆಯದಕ್ಕೆ ಒಂದು ಟಿಸಿ (ವರ್ಗಾವಣೆ ಪತ್ರ) ಪುಸ್ತಕ ಸಾಕು.

ಎರಡು ಶಾಲೆಗಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಎರಡರಲ್ಲೂ ಎಂಟನೇ ತರಗತಿಗೆ ಸೇರಿದವರು 46 ಮಕ್ಕಳು. ‘ಅ’ ಶಾಲೆಯಿಂದ 3 ಮಕ್ಕಳು ಅಪ್ಪ-ಅಮ್ಮನ ಕೆಲಸ ಬದಲಾಗಿ ಬೇರೆ ಊರಿನ ಶಾಲೆಗೆ ಹೋದರು, ಉಳಿದವರು 43. ಒಂಬತ್ತನೇ ತರಗತಿ ಮುಗಿಯುವಾಗ ‘ಇವನಿಂದ ಆಗಲ್ಲ’ ಎನಿಸಿದ 6 ಮಕ್ಕಳ ಮನೆಯವರನ್ನು ಕರೆಸಿ ಟಿಸಿ ಕೊಟ್ಟರು, ಉಳಿದವರು 37. ಹಾಜರಾತಿ ಶೇ 75 ಇಲ್ಲ ಎಂದು ಇಬ್ಬರಿಗೆ ಪ್ರವೇಶ ಪತ್ರ ನಿಂತಿತು, ಉಳಿದವರು 35. ಆ 35 ಮಂದಿಯೂ ಪಾಸು. ಹಾಳೆಯಲ್ಲಿ ಶೇ 100, ಹಸಿರು ಸಾಲು. ‘ಆ’ ಶಾಲೆಯಿಂದ 2 ಮಕ್ಕಳು ಬೇರೆಡೆಗೆ ಹೋದರು, ಒಬ್ಬ ಹುಡುಗ ಶಾಲೆಯನ್ನೇ ಬಿಟ್ಟ. ಕೂತವರು 43, ಪಾಸಾದವರು 37. ಹಾಳೆಯಲ್ಲಿ ಶೇ 86.

ಈಗ ಛೇದವನ್ನು ಅದರ ಜಾಗಕ್ಕೆ ಮರಳಿಸಿ. ನಿಜವಾಗಿ ಬೇರೆ ಊರಿಗೆ ಹೋದವರನ್ನು ಮಾತ್ರ ಕಳೆದರೆ ‘ಅ’ ಶಾಲೆಯದು 43ಕ್ಕೆ 35, ಅಂದರೆ ಶೇ 81.4. ‘ಆ’ ಶಾಲೆಯದು 44ಕ್ಕೆ 37, ಅಂದರೆ ಶೇ 84.1. ಕೆಳಗಿದ್ದ ಶಾಲೆ ಮೇಲೆ ಬಂತು. ಅಷ್ಟೇ ಅಲ್ಲ, ಹತ್ತನೇ ತರಗತಿ ದಾಟಿಸಿದ ಮಕ್ಕಳ ಸಂಖ್ಯೆಯಲ್ಲೂ ‘ಆ’ ಶಾಲೆಯೇ ಇಬ್ಬರಷ್ಟು ಮುಂದಿದೆ. ಹಾರ ಹೋದದ್ದು ‘ಅ’ ಶಾಲೆಗೆ, ನೋಟಿಸ್ ಹೋದದ್ದು ‘ಆ’ ಶಾಲೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ಛೇದ ಇಳಿಯುವ ಬಗೆಗಳು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಗೊತ್ತಿಲ್ಲದವೇನಲ್ಲ. ಒಂಬತ್ತರಲ್ಲಿ ಅನುತ್ತೀರ್ಣ ಮಾಡಿ ಅಲ್ಲೇ ಕೂರಿಸುವುದು. ಟಿಸಿ ಕೊಟ್ಟು ‘ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಿ’ ಎನ್ನುವುದು. ಅಲ್ಲಿಗೆ ಹತ್ತನೇ ತರಗತಿಗೇ ಬಂದು ಕೂತ ಆ ಮಗು ಫೇಲಾದರೆ ಕೆಂಪು ಸಾಲು ಸರ್ಕಾರಿ ಶಾಲೆಯ ಪಾಲಿಗೆ. ಖಾಸಗಿ ಅಭ್ಯರ್ಥಿಯಾಗಿ ಅರ್ಜಿ ಹಾಕಿಸುವುದು. ಆ ಫಲಿತಾಂಶ ಶಾಲೆಯ ಲೆಕ್ಕಕ್ಕೇ ಬರುವುದಿಲ್ಲ. ವರ್ಷವಿಡೀ ಗೈರುಹಾಜರಿಯನ್ನು ಕಂಡೂ ಕಾಣದಂತಿದ್ದು ಫೆಬ್ರುವರಿಯಲ್ಲಿ ನಿಯಮ ನೆನಪಿಸಿಕೊಳ್ಳುವುದು. ಇವೆಲ್ಲ ಕಾಗದದ ಮೇಲೆ ಸರಿಯಾಗಿಯೇ ಇರುತ್ತವೆ. ಹಾಗಾಗಿ ತನಿಖೆ ಮಾಡಿ ಹಿಡಿಯುವ ವಿಷಯ ಇದಲ್ಲ; ಕಾಲಂ ಬದಲಿಸಿದರೆ ತಾನೇ ನಿಲ್ಲುತ್ತದೆ.

ಬದಲಿಸುವುದು ಕಷ್ಟವೂ ಅಲ್ಲ. ಪ್ರತಿ ಮಗುವಿಗೂ ಸ್ಯಾಟ್ಸ್ (ಇಲಾಖೆಯ ವಿದ್ಯಾರ್ಥಿ ದಾಖಲೆ ವ್ಯವಸ್ಥೆ) ಸಂಖ್ಯೆ ಇದೆ, ಶಾಲೆ ಬದಲಾದರೂ ಅದು ಬದಲಾಗುವುದಿಲ್ಲ. 2026ರ ಮಾರ್ಚ್ ಪರೀಕ್ಷೆಯ ತಂಡವೆಂದರೆ 2023-24ರಲ್ಲಿ ಎಂಟನೇ ತರಗತಿಯಲ್ಲಿದ್ದವರು. ಆ ವರ್ಷದ ದಾಖಲಾತಿ ಮುಗಿದ ದಿನದ ಪಟ್ಟಿಯನ್ನು ಶಾಲಾವಾರು ತೆಗೆದು, ಪ್ರತಿ ಸಂಖ್ಯೆಯ ಎದುರು ಐದರಲ್ಲಿ ಒಂದು ಗುರುತು ಹಾಕಬೇಕು: ಇದೇ ಶಾಲೆಯಿಂದ ಪರೀಕ್ಷೆಗೆ ಕೂತ, ಬೇರೆ ಶಾಲೆಯಿಂದ ಕೂತ, ಇನ್ನೂ ಒಂಬತ್ತರಲ್ಲೋ ಹತ್ತರಲ್ಲೋ ಇದ್ದಾನೆ, ಎಲ್ಲೂ ದಾಖಲಾಗಿಲ್ಲ, ತೀರಿಕೊಂಡಿದ್ದಾನೆ. ಕೊನೆಯವರನ್ನೂ, ಎಂಟನೇ ತರಗತಿಯ ಒಳಗೇ ಶಾಲೆ ಬದಲಿಸಿದವರನ್ನೂ ಛೇದದಿಂದ ತೆಗೆಯಿರಿ. ಒಂಬತ್ತನೇ ತರಗತಿ ಮುಗಿದ ಮೇಲೆ ಟಿಸಿ ಪಡೆದ ಮಗುವನ್ನು ಮಾತ್ರ, ಅದು ಎಲ್ಲಿಂದಲೇ ಪರೀಕ್ಷೆ ಬರೆಯಲಿ, ಎರಡು ವರ್ಷ ಕಲಿಸಿದ ಶಾಲೆಯ ಲೆಕ್ಕದಲ್ಲೇ ಇಡಿ. ಪಾಸಾದರೆ ಪುಣ್ಯ ಅವರಿಗೇ ಬರಲಿ, ಫೇಲಾದರೆ ಲೆಕ್ಕವೂ ಅವರದೇ ಆಗಲಿ.

ಇಲ್ಲಿ ಎಡವುವ ಜಾಗ ಒಂದಿದೆ. ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಲ್ಲೇ ಎಂಟನೇ ತರಗತಿ ಇದೆ. ಅಲ್ಲಿಂದ ಬಂದವರು ಪ್ರೌಢಶಾಲೆಗೆ ಸೇರುವುದೇ ಒಂಬತ್ತಕ್ಕೆ. ಅಂಥವರಿಗೆ ಒಂಬತ್ತನೇ ತರಗತಿಯ ದಾಖಲಾತಿಯನ್ನೇ ಆರಂಭವೆಂದು ಹಿಡಿಯಬೇಕು. ಇಲ್ಲದಿದ್ದರೆ ಆ ಮಕ್ಕಳು ಯಾವ ಪ್ರೌಢಶಾಲೆಯ ಲೆಕ್ಕಕ್ಕೂ ಸೇರದೆ ನಡುವೆ ಬಿದ್ದುಹೋಗುತ್ತಾರೆ.

ಛೇದ ಸರಿಯಾಯಿತು ಎಂದುಕೊಳ್ಳೋಣ. ಮುಂದಿನ ಪ್ರಶ್ನೆ ಇನ್ನೂ ದೊಡ್ಡದು: ಮಗು ಎಲ್ಲಿಂದ ಹೊರಟಿತ್ತು?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಿಂತು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಿಶ್ರತಳಿ ಗೂಡಿಗೂ ದ್ವಿತಳಿ ಗೂಡಿಗೂ ಅಲ್ಲಿ ಒಂದೇ ದರ ಕೂಗುವುದಿಲ್ಲ. ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕಾಯಿತು ಎಂಬುದರ ಮೇಲೆ ನೂಲು ತೆಗೆಯುವ ರೀಲರ್ ತನ್ನ ಕೈಕೆಲಸವನ್ನು ಅಳೆಯುತ್ತಾನೆ, ಆದರೆ ಅದೇ ತಳಿಯ, ಅದೇ ದರ್ಜೆಯ ಗೂಡನ್ನು ಪಕ್ಕದಲ್ಲಿಟ್ಟು. ನಮ್ಮ ಹಾಳೆಯಲ್ಲಿ ಮಾತ್ರ ಎಲ್ಲ ಗೂಡೂ ಒಂದೇ ರಾಶಿ. ಪ್ರವೇಶ ಪರೀಕ್ಷೆ ಬರೆಸಿ ಆರನೇ ತರಗತಿಗೆ ಮಕ್ಕಳನ್ನು ಆರಿಸಿಕೊಳ್ಳುವ ಆದರ್ಶ ವಿದ್ಯಾಲಯ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆ, ಎಲ್‌ಕೆಜಿಯಿಂದಲೇ ಸೋಸಿಕೊಂಡು ಬಂದ ಖಾಸಗಿ ಆಂಗ್ಲ ಮಾಧ್ಯಮ ಶಾಲೆ, ಬಂದವರನ್ನೆಲ್ಲ ಸೇರಿಸಿಕೊಳ್ಳಲೇಬೇಕಾದ ಹೋಬಳಿ ಕೇಂದ್ರದ ಸರ್ಕಾರಿ ಪ್ರೌಢಶಾಲೆ, ಇವು ಮೂರೂ ಒಂದರ ಕೆಳಗೊಂದು. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಅಲ್ಲಿನ ಮಗುವಿಗೆ 125 ಅಂಕದ ಪ್ರಥಮ ಭಾಷೆ ಕನ್ನಡವೇ ಶಾಲೆಯಲ್ಲಿ ಕಲಿತ ಮಾತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅಂಥ ಶಾಲೆಗಳಲ್ಲಿ ಚೆನ್ನಾಗಿ ಕಲಿಸುವವರೂ ಇದ್ದಾರೆ, ಕಲಿಸದವರೂ ಇದ್ದಾರೆ. ಈಗಿನ ಹಾಳೆಯಲ್ಲಿ ಇಬ್ಬರೂ ಒಂದೇ ಕೆಂಪಿನಲ್ಲಿ ಮುಚ್ಚಿಹೋಗುತ್ತಾರೆ ಎಂಬುದೇ ನಮ್ಮ ದೂರು.

ಹೊರಟ ಜಾಗ ಅಳೆಯಲು ಹೊಸ ಪರೀಕ್ಷೆ ಬೇಡ. ಪ್ರತಿ ಜೂನ್‌ನಲ್ಲಿ ಸೇತುಬಂಧ (ಹಿಂದಿನ ತರಗತಿಯ ಕಲಿಕೆಯನ್ನು ಗಟ್ಟಿಮಾಡುವ ಪಾಠ) ನಡೆಯುತ್ತದೆ, ಅದರ ಆರಂಭದಲ್ಲಿ ಪೂರ್ವ ಪರೀಕ್ಷೆ ಇದೆ. ಎಂಟನೇ ತರಗತಿಗೆ ಬಂದ ಮಕ್ಕಳನ್ನು ಅದರ ಮೇಲೆ ಮೂರು ಗುಂಪು ಮಾಡಿದರೆ ಸಾಕು. ಒಂದು ಪ್ಯಾರಾ ಓದಿ ಅರ್ಥ ಹೇಳಲು, ನಾಲ್ಕಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಬಾರದವರು ಮೊದಲ ಗುಂಪು. ಇವು ಬಂದು ಭಿನ್ನರಾಶಿ, ದಶಮಾಂಶದಲ್ಲಿ ತೊಡರುವವರು ಎರಡನೆಯದು. ಏಳನೇ ತರಗತಿಯ ಮಟ್ಟಕ್ಕೆ ನಿಂತವರು ಮೂರನೆಯದು. ಅಂಕ ಬೇಡ, ಗುಂಪು ಸಾಕು; ಅಂಕ ಬಂದ ಕೂಡಲೇ ಅರ್ಧ ಅಂಕದ ಜಗಳ ಶುರುವಾಗುತ್ತದೆ.

ಇಲ್ಲೊಂದು ಮೋಸದ ಬಾಗಿಲಿದೆ, ಮೊದಲೇ ಮುಚ್ಚಬೇಕು. ಆರಂಭದ ಮಟ್ಟ ಕಡಿಮೆ ತೋರಿಸಿದಷ್ಟೂ ಕೊನೆಯ ಏರಿಕೆ ಹೆಚ್ಚು ಕಾಣುತ್ತದೆ. ಹಾಗಾಗಿ ಈ ಪರೀಕ್ಷೆಯನ್ನು ಆಯಾ ಶಾಲೆಯವರೇ ನಡೆಸಿ ಅವರೇ ತಿದ್ದಿದರೆ, ಜೂನ್ ತಿಂಗಳಲ್ಲಿ ಇಡೀ ಜಿಲ್ಲೆಯ ಮಕ್ಕಳು ಭಾಗಾಕಾರ ಮರೆತುಬಿಡುತ್ತಾರೆ! ನೆರೆಯ ಪ್ರೌಢಶಾಲೆಯ ಶಿಕ್ಷಕರು ಬಂದು ನಡೆಸಲಿ, ಉತ್ತರ ಪತ್ರಿಕೆ ಅದೇ ದಿನ ಅವರ ಕೈಯಲ್ಲೇ ಹೋಗಲಿ. ಪರಸ್ಪರ ಅದಲುಬದಲು ಮಾತ್ರ ಬೇಡ. ‘ಅ’ ಶಾಲೆಯವರು ‘ಆ’ಗೆ, ‘ಆ’ದವರು ‘ಇ’ಗೆ ಹೋಗಲಿ.

ಮೂರು ವರ್ಷದ ಬಳಿಕ ಲೆಕ್ಕ ಹೀಗೆ. ಮೊದಲ ಗುಂಪಿನವರಲ್ಲಿ ಜಿಲ್ಲೆಯ ಒಟ್ಟು ಉತ್ತೀರ್ಣ ಪ್ರಮಾಣ ಶೇ 45, ಎರಡನೆಯದರಲ್ಲಿ ಶೇ 75, ಮೂರನೆಯದರಲ್ಲಿ ಶೇ 95 ಎಂದಿಟ್ಟುಕೊಳ್ಳಿ (ಇವು ಲೆಕ್ಕ ತೋರಿಸಲು ಹಿಡಿದ ಸಂಖ್ಯೆಗಳು). ಒಂದು ಶಾಲೆಯಲ್ಲಿ ಮೂರು ಗುಂಪಿನವರು ಕ್ರಮವಾಗಿ 20, 15, 5 ಮಂದಿ. ಜಿಲ್ಲೆಯ ಸರಾಸರಿಯಂತೆ ಇಲ್ಲಿ ಪಾಸಾಗಬೇಕಾದವರು 9, 11.25, 4.75, ಕೂಡಿದರೆ 40ಕ್ಕೆ 25. ಪಾಸಾದವರು 29. ನಿರೀಕ್ಷೆಗಿಂತ 10 ಶೇಕಡಾ ಅಂಶ ಹೆಚ್ಚು. ಇನ್ನೊಂದು ಶಾಲೆಯಲ್ಲಿ 2, 8, 30 ಮಂದಿ. ನಿರೀಕ್ಷೆ 35.4, ಪಾಸಾದವರು 35. ನಿರೀಕ್ಷೆಗಿಂತ 1 ಅಂಶ ಕಡಿಮೆ. ಈಗಿನ ಹಾಳೆಯಲ್ಲಿ ಎರಡನೆಯದು ಶೇ 87.5, ಮೊದಲನೆಯದು ಶೇ 72.5. ಯಾವ ಶಾಲೆಯ ಗಣಿತದ ಮೇಷ್ಟರನ್ನು ಕರೆದು ‘ಹೇಗೆ ಮಾಡಿದಿರಿ, ಉಳಿದವರಿಗೂ ಹೇಳಿ’ ಎನ್ನಬೇಕು? ಈಗ ನಾವು ಕರೆಯುತ್ತಿರುವುದು ಎರಡನೆಯವರನ್ನು.

ಇದು ನಮ್ಮ ತಲೆಯಿಂದ ಹುಟ್ಟಿದ ವಿಧಾನವಲ್ಲ. ಇಂಗ್ಲೆಂಡಿನಲ್ಲಿ ಪ್ರೌಢಶಾಲೆಗಳ ಅಂಕಪಟ್ಟಿ 1992ರಿಂದ ಪ್ರಕಟವಾಗುತ್ತಿದೆ. ಬರೀ ಉತ್ತೀರ್ಣ ಪ್ರಮಾಣ ತೋರಿಸಿದ್ದರಿಂದ ನಮ್ಮಲ್ಲಿ ಆಗುತ್ತಿರುವುದೇ ಅಲ್ಲೂ ಆಯಿತು: ಉತ್ತೀರ್ಣದ ಗೆರೆಯ ಆಚೀಚೆ ಇರುವ ಮಕ್ಕಳ ಮೇಲಷ್ಟೇ ಗಮನ. 2016ರಿಂದ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಿಗೆ ‘ಪ್ರೋಗ್ರೆಸ್ 8’ ಎಂಬ ಅಳತೆ ಬಂತು. ಪ್ರಾಥಮಿಕ ಹಂತದ ಕೊನೆಗೆ ಒಂದೇ ಮಟ್ಟದಲ್ಲಿದ್ದ ದೇಶದ ಎಲ್ಲ ಮಕ್ಕಳ ಸರಾಸರಿಗೆ ಹೋಲಿಸಿ, ಈ ಶಾಲೆಯ ಮಗು ಎಂಟು ವಿಷಯಗಳಲ್ಲಿ ಎಷ್ಟು ಮುಂದೆ ಅಥವಾ ಹಿಂದೆ ಎಂದು ಹೇಳುವುದು ಅದರ ಕೆಲಸ. ಸೊನ್ನೆ ಎಂದರೆ ಸರಾಸರಿ. ಅದಕ್ಕೂ ಕುಂದುಗಳಿವೆ, ಮನೆಯ ಸ್ಥಿತಿಗತಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಒಂದು ವಿಷಯದಲ್ಲಿ ಅವರ ಶಿಸ್ತು ಮೆಚ್ಚಬೇಕು. ಕೊರೊನಾದಿಂದ 2020 ಮತ್ತು 2021ರಲ್ಲಿ ಅಲ್ಲಿನ ಪ್ರಾಥಮಿಕ ಹಂತದ ಪರೀಕ್ಷೆಗಳು ನಡೆಯಲಿಲ್ಲ. ಆ ಮಕ್ಕಳು ಹದಿನಾರಕ್ಕೆ ಬಂದಾಗ, ಆರಂಭದ ಅಳತೆ ಇಲ್ಲದ್ದರಿಂದ ಆ ಎರಡು ವರ್ಷ ಪ್ರೋಗ್ರೆಸ್ 8 ಲೆಕ್ಕ ಹಾಕುವುದಿಲ್ಲ ಎಂದುಬಿಟ್ಟರು. ನಮ್ಮಲ್ಲಿ 5, 8, 9ನೇ ತರಗತಿಗಳ ಮೌಲ್ಯಾಂಕನ 2024ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ತಡೆಯಾಯಿತು. ಬಳಸಬಹುದಾದ ಸಾಮಾನ್ಯ ಆರಂಭಿಕ ಅಳತೆ ಕೈಯಲ್ಲಿಲ್ಲ. ಅದಕ್ಕೇ ಸೇತುಬಂಧವನ್ನು ಕೇಳುತ್ತಿದ್ದೇವೆ.

ಸಣ್ಣ ಶಾಲೆಗಳ ವಿಷಯಕ್ಕೆ ಬರುತ್ತೇವೆ. ಹತ್ತನೇ ತರಗತಿಯಲ್ಲಿ 12 ಮಕ್ಕಳಿರುವ ಶಾಲೆಯಲ್ಲಿ ಒಂದು ಮಗು ಎಂದರೆ ಶೇ 8.33. ಪರೀಕ್ಷೆಯ ಹಿಂದಿನ ರಾತ್ರಿ ಒಬ್ಬ ಹುಡುಗನಿಗೆ ಜ್ವರ ಬಂದರೆ ಶಾಲೆ ಪಟ್ಟಿಯಲ್ಲಿ ನಲವತ್ತು ಸ್ಥಾನ ಜಾರಬಹುದು. ಸಂಖ್ಯಾಶಾಸ್ತ್ರದ ಸಾದಾ ಲೆಕ್ಕ ಹೇಳುವುದೂ ಇದನ್ನೇ: ಸಾಮಾನ್ಯವಾಗಿ ಶೇ 75 ಫಲಿತಾಂಶ ಕೊಡುವ, 20 ಮಕ್ಕಳ ಶಾಲೆಯೊಂದರ ಪಾಠದಲ್ಲಿ ಏನೂ ಬದಲಾಗದಿದ್ದರೂ ಫಲಿತಾಂಶ ಒಂದು ವರ್ಷ 65ಕ್ಕೆ, ಇನ್ನೊಂದು ವರ್ಷ 85ಕ್ಕೆ ಹೋಗುವುದು ಮಾಮೂಲು. 200 ಮಕ್ಕಳ ಶಾಲೆಯಲ್ಲಿ ಈ ಓಲಾಟ 3 ಅಂಶದಷ್ಟು ಮಾತ್ರ. ಹಾಗಾಗಿ ಯಾವ ವರ್ಷದ ಪಟ್ಟಿ ತೆಗೆದರೂ ತುದಿಯಲ್ಲೂ ಬುಡದಲ್ಲೂ ಸಣ್ಣ ಶಾಲೆಗಳೇ ತುಂಬಿಕೊಳ್ಳುತ್ತವೆ. ತುದಿಯವರಿಗೆ ಸನ್ಮಾನ, ಬುಡದವರಿಗೆ ನೋಟಿಸ್, ಮರುವರ್ಷ ಅವರೇ ಅದಲುಬದಲು. ನೋಟಿಸ್ ಕೊಟ್ಟಿದ್ದರಿಂದ ಸುಧಾರಿಸಿದರು ಎಂದು ಕಚೇರಿ ನಂಬುತ್ತದೆ. ಸುಧಾರಿಸಿದ್ದು ನಾಣ್ಯದ ಮಗ್ಗುಲು!

ಮೂರು ವರ್ಷದ ಮಕ್ಕಳನ್ನು ಕೂಡಿಸಿ 60 ಮಾಡಿದರೆ ಓಲಾಟ 10ರಿಂದ ಸುಮಾರು 5.6ಕ್ಕೆ ಇಳಿಯುತ್ತದೆ. 30ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ಒಂದು ವರ್ಷದ ಶೇಕಡಾ ಪ್ರಕಟಿಸಲೇ ಬೇಡಿ. ‘12ರಲ್ಲಿ 9’ ಎಂದು ಸಂಖ್ಯೆಯನ್ನೇ ಬರೆಯಿರಿ, ಮೂರು ವರ್ಷದ ಮೊತ್ತವನ್ನು ಪಕ್ಕದಲ್ಲಿಡಿ. 2025ರ ಪರೀಕ್ಷೆ-1ರಲ್ಲಿ (ವರ್ಷದ ಮೊದಲ ಪರೀಕ್ಷೆ) ರಾಜ್ಯದ 144 ಶಾಲೆಗಳದ್ದು ಶೂನ್ಯ ಫಲಿತಾಂಶ. ಶೂನ್ಯ ಎಂದ ಕೂಡಲೇ ಕೇಳಬೇಕಾದದ್ದು ಕೂತವರು 4 ಮಂದಿಯೋ 40 ಮಂದಿಯೋ ಎಂದು.

ವರ್ಷದಿಂದ ವರ್ಷಕ್ಕೆ ಹೋಲಿಸುವುದಂತೂ ಕಪ್ಪೆ ತೂಗಿದ ಹಾಗೆ. 2020ರಲ್ಲಿ ರಾಜ್ಯದ ಫಲಿತಾಂಶ ಶೇ 71.80, ನಮ್ಮ ಜಿಲ್ಲೆ ಮೊದಲ ಸ್ಥಾನದಲ್ಲಿತ್ತು, ಪಕ್ಕದ ಮಧುಗಿರಿ ಶೈಕ್ಷಣಿಕ ಜಿಲ್ಲೆ ಮೂರನೆಯದು. 2021ರಲ್ಲಿ ಬಹು ಆಯ್ಕೆ ಪ್ರಶ್ನೆಗಳ ಎರಡು ದಿನದ ಪರೀಕ್ಷೆ, ಹೆಚ್ಚುಕಡಿಮೆ ಎಲ್ಲರೂ ಪಾಸು. 2022ರಲ್ಲಿ ಶೇ 85.63, 2023ರಲ್ಲಿ 83.89. 2024ರಲ್ಲಿ ನೇರ ಕ್ಯಾಮೆರಾ ಕಣ್ಗಾವಲಿಗಾಗಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಫಲಿತಾಂಶ 73.40ಕ್ಕೆ ನಿಂತಿತು. ನಮ್ಮ ಜಿಲ್ಲೆ ಮೊದಲ ಹತ್ತರಲ್ಲೂ ಇರಲಿಲ್ಲ. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವೂ ಇಲ್ಲ, 66.14. ಈಗ ಉತ್ತೀರ್ಣದ ಗೆರೆಯೇ 625ಕ್ಕೆ 219ರಿಂದ 206ಕ್ಕೆ (ಶೇ 35ರಿಂದ 33ಕ್ಕೆ) ಇಳಿದಿದೆ. ಆರು ವರ್ಷದಲ್ಲಿ ಅಳತೆಗೋಲು ಐದು ಬಾರಿಯಾದರೂ ಬದಲಾಗಿದೆ. ಹೀಗಿರುವಾಗ ‘ಹೋದ ವರ್ಷಕ್ಕಿಂತ ಶೇ 10 ಕಡಿಮೆ, ಕಾರಣ ನೀಡಿ’ ಎಂಬ ನೋಟಿಸಿಗೆ ಮುಖ್ಯ ಶಿಕ್ಷಕರು ಏನೆಂದು ಉತ್ತರ ಬರೆಯಬೇಕು? 2023ರಲ್ಲಿ ಶೇ 90 ಇದ್ದು 2024ರಲ್ಲಿ 80ಕ್ಕೆ ಬಂದ ಶಾಲೆಯನ್ನು ತೆಗೆದುಕೊಳ್ಳಿ. ರಾಜ್ಯದ ಸರಾಸರಿಗಿಂತ ಅದು ಮೊದಲು 6.1 ಅಂಶ ಮುಂದಿತ್ತು, ಆಮೇಲೆ 6.6 ಅಂಶ ಮುಂದಿದೆ. ಬಿದ್ದದ್ದು ಶಾಲೆಯಲ್ಲ. ಆಯಾ ವರ್ಷದ ರಾಜ್ಯ ಸರಾಸರಿಯಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಎಂಬ ಒಂದು ಕಾಲಂ ಸೇರಿಸಿದರೆ ಈ ಗೊಂದಲ ಮುಗಿಯಿತು.

ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಮೇಲೂ ಪಟ್ಟಿ ಪರೀಕ್ಷೆ-1ಕ್ಕೇ ನಿಂತಿದೆ. ಫೇಲಾದ ಎಂಟು ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಕೂರಿಸಿಕೊಂಡು ಪರೀಕ್ಷೆ-2ರಲ್ಲಿ ಆರು ಮಂದಿಯನ್ನು ದಾಟಿಸಿದ ಶಾಲೆಗೆ ಒಂದು ಸಾಲಿನ ಮನ್ನಣೆಯೂ ಇಲ್ಲ. ಹಾಗಾದರೆ ಯಾರು ಕೂರಿಸಿಕೊಳ್ಳುತ್ತಾರೆ? ಆ ವರ್ಷದ ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಅಂತಿಮ ಹಾಳೆ ಹೊರಡಲಿ. ಮೇ ತಿಂಗಳ ಹಾಳೆಗೆ ಬೇಕಾದರೆ ‘ತಾತ್ಕಾಲಿಕ’ ಎಂಬ ತಲೆಬರಹ ಹಾಕಿ.

ಪಾಸಿಂಗ್ ಪ್ಯಾಕೇಜ್ ಬಗ್ಗೆಯೂ ನೇರವಾಗಿ ಮಾತಾಡಬೇಕು. ಡಿಸೆಂಬರ್ ಬಂತೆಂದರೆ ನಮ್ಮ ಎಲ್ಲ ಶಾಲೆಗಳಲ್ಲೂ ಇದೇ. ಗಣಿತದಲ್ಲಿ ನಕ್ಷೆಯ ಮೂಲಕ ಸಮೀಕರಣ ಬಿಡಿಸುವುದು, ಥೇಲ್ಸ್ ಪ್ರಮೇಯ, ಸರಾಸರಿ-ಮಧ್ಯಾಂಕ; ವಿಜ್ಞಾನದಲ್ಲಿ ನಾಲ್ಕಾರು ಚಿತ್ರ; ಸಮಾಜದಲ್ಲಿ ಭಾರತದ ನಕ್ಷೆ; ಭಾಷೆಗಳಲ್ಲಿ ಪತ್ರ, ಪ್ರಬಂಧ, ಕಂಠಪಾಠದ ಪದ್ಯ. ಇಷ್ಟನ್ನು ಕೈಗೆ ಕೂರಿಸಿದರೆ ಲಿಖಿತದಲ್ಲಿ ಹಿಂದಿನ ನಿಯಮದ ಗೆರೆಯಾದ 80ಕ್ಕೆ 28 ದಾಟುತ್ತದೆ. ಇದನ್ನು ನಾವು ಹಂಗಿಸುವುದಿಲ್ಲ. ಕೂಲಿಗೆ ಹೋಗುವ ಮನೆಯ ಹುಡುಗಿಗೆ ಆ ಅಂಕವೇ ಪಿಯುಸಿಗೋ ಐಟಿಐಗೋ ದಾರಿ, ಮದುವೆ ಮುಂದೂಡಲು ಒಂದು ಕಾರಣ. ಆದರೆ ಶಾಲೆಯನ್ನು ಪಾಸು-ಫೇಲು ಎಂಬ ಒಂದೇ ಗೆರೆಯಲ್ಲಿ ಅಳೆದರೆ, ಗೆರೆಯ ಸ್ವಲ್ಪ ಕೆಳಗಿರುವ ಮಕ್ಕಳಿಗೆ ಮಾತ್ರ ಶಿಕ್ಷಕರ ಸಮಯ ಹೋಗುತ್ತದೆ. 55 ತೆಗೆಯುವವಳನ್ನು 75ಕ್ಕೆ ಒಯ್ದರೆ ಹಾಳೆಯಲ್ಲಿ ಏನೂ ಅಲುಗುವುದಿಲ್ಲ. 8 ಅಂಕದಲ್ಲಿದ್ದವನನ್ನು 22ಕ್ಕೆ ತಂದರೂ ಅಷ್ಟೇ, ಅದು ಎಷ್ಟೇ ದೊಡ್ಡ ಕೆಲಸವಾಗಿರಲಿ. ಮಂಡಳಿ ಎ+ನಿಂದ ಸಿವರೆಗೆ ಶ್ರೇಣಿ ಕೊಡುತ್ತಲೇ ಇದೆ. 563 ಮತ್ತು ಅದಕ್ಕೂ ಮೇಲ್ಪಟ್ಟವರು ಎಷ್ಟು, 375 ದಾಟಿದವರು ಎಷ್ಟು, ಕೇವಲ ಗೆರೆ ದಾಟಿದವರು ಎಷ್ಟು, ಯಾವ ವಿಷಯದಲ್ಲಿ ಎಷ್ಟು ಮಂದಿ ಬಿದ್ದರು ಎಂದು ಹಾಳೆಯಲ್ಲಿ ಬರಲಿ. ಒಂದೇ ಶಾಲೆಯಲ್ಲಿ ಗಣಿತಕ್ಕೆ 14 ಮಂದಿ, ಉಳಿದ ಎಲ್ಲ ವಿಷಯಕ್ಕೂ ಸೇರಿ 2 ಮಂದಿ ಬಿದ್ದಿದ್ದರೆ ಆ ಶಾಲೆಗೆ ಬೇಕಾದದ್ದು ನೋಟಿಸ್ ಅಲ್ಲ, ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕ.

ಆ ಶಿಕ್ಷಕರದ್ದೂ ಒಂದು ಕಾಲಂ ಇರಲಿ. ಜೂನ್‌ನಿಂದ ಮಾರ್ಚ್‌ವರೆಗೆ ವರ್ಷಕ್ಕೆ 10 ತಿಂಗಳು, ಮೂರು ವರ್ಷಕ್ಕೆ 30. ಈ ತಂಡದ ಮಕ್ಕಳಿಗೆ 30ರಲ್ಲಿ ಎಷ್ಟು ತಿಂಗಳು ಗಣಿತ ಶಿಕ್ಷಕರಿದ್ದರು? ಹುದ್ದೆ ಖಾಲಿ, ಅತಿಥಿ ಶಿಕ್ಷಕರು ಬಂದದ್ದು ಆಗಸ್ಟ್‌ನಲ್ಲಿ, ನಡುವೆ ಬಿಟ್ಟು ಹೋದರು ಎಂದಾದರೆ ಅದು 30ಕ್ಕೆ 19 ಎಂದು ಕಾಣಲಿ. ಶಾಲೆಯ ತಪ್ಪನ್ನೂ ಇಲಾಖೆಯ ತಪ್ಪನ್ನೂ ಬೇರ್ಪಡಿಸಲು ಇದಕ್ಕಿಂತ ಸುಲಭದ ದಾರಿ ನಮಗೆ ಕಾಣುತ್ತಿಲ್ಲ.

ಆಂತರಿಕ ಅಂಕದ ಬಗ್ಗೆ ನಮ್ಮವರನ್ನೇ ದೂರಬೇಕು. ಪ್ರಥಮ ಭಾಷೆಗೆ 25, ಉಳಿದವಕ್ಕೆ 20. ವರ್ಷದುದ್ದಕ್ಕೂ ತರಗತಿಯಲ್ಲೇ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ ಲೆಕ್ಕದಲ್ಲಿ ಬರಬೇಕಾದ ಅಂಕ ಅದು. ನಡೆಯುವುದು ಬೇರೆ: ತರಗತಿಗೆ ತರಗತಿಯೇ 19, 20. ಒಂದು ಶಾಲೆಯ ಆಂತರಿಕ ಸರಾಸರಿ 20ಕ್ಕೆ 18.6, ಲಿಖಿತದ ಸರಾಸರಿ 80ಕ್ಕೆ 31 ಎಂದರೆ ಮೊದಲನೆಯದು ಶೇ 93, ಎರಡನೆಯದು 38.75. ಒಂದೇ ಮಗು, ಒಂದೇ ವಿಷಯ, 54 ಅಂಶದ ಕಂದಕ. ಹೊಸ ನಿಯಮದಲ್ಲಿ ಶೇ 33ರ ಲೆಕ್ಕಕ್ಕೆ ಆಂತರಿಕವೂ ಕೂಡುವುದರಿಂದ ಈ ಉದಾರತೆಯ ಬೆಲೆ ಇನ್ನೂ ಹೆಚ್ಚಿದೆ. ಎರಡರ ಅಂತರವನ್ನು ಶಾಲಾವಾರು ಪ್ರಕಟಿಸಿ. ಅಂತರ 40 ಮೀರಿದಲ್ಲಿ ರೂಪಣಾತ್ಮಕದ ಚಟುವಟಿಕೆ ಪುಸ್ತಕಗಳನ್ನು ತರಿಸಿ ನೋಡಿ. ಪುಸ್ತಕವೇ ಇಲ್ಲದಿದ್ದರೆ ಆಗ ಕೊಡಿ ನೋಟಿಸ್, ನಾವು ತಡೆಯುವುದಿಲ್ಲ.

ಶಾಲೆಗಳನ್ನು ಅಳೆಯುವ ರಾಷ್ಟ್ರೀಯ ಚೌಕಟ್ಟು ಶಾಲಾ ಸಿದ್ಧಿ ಇದೆಯಲ್ಲ ಎಂದು ಕೇಳಬಹುದು. ಏಳು ಕ್ಷೇತ್ರ, 46 ಮಾನದಂಡ, ಪ್ರತಿಯೊಂದಕ್ಕೂ ಮೂರು ಹಂತ; ಒಳ್ಳೆಯ ಚೌಕಟ್ಟೇ. ಮುಖ್ಯವಾಗಿ ಶಾಲೆಯೇ ತನ್ನನ್ನು ತಾನು ಅಳೆದುಕೊಂಡು ತುಂಬುವ ನಮೂನೆಯಾದ್ದರಿಂದ ಹೋಲಿಕೆಗೆ ಒದಗುವುದಿಲ್ಲ, ಅಷ್ಟೇ.

ಪೋಷಕರಿಗೂ ಎರಡು ಮಾತು. ಬೀದಿಬೀದಿಯ ಫ್ಲೆಕ್ಸ್‌ಗಳಲ್ಲಿ ಪಾಸ್‌ಪೋರ್ಟ್ ಫೋಟೊಗಳ ಸಾಲು, ‘ರಾಜ್ಯಕ್ಕೆ 4ನೇ ಸ್ಥಾನ’ ಎಂಬ ಅಕ್ಷರ ಕಾಣುತ್ತದೆ. 625ಕ್ಕೆ 625 ತೆಗೆದವರು 2022ರಲ್ಲಿ 145 ಮಂದಿ, 2025ರಲ್ಲಿ 22 ಮಂದಿ. 622 ಅಂಕವನ್ನು ನಾಲ್ಕನೇ ಸ್ಥಾನ ಎಂದು ಬರೆದರೆ ಅದರ ಮುಂದೆ ನೂರಾರು ಮಕ್ಕಳಿರಬಹುದು. ಮಗುವಿನ ಶ್ರಮಕ್ಕೆ ಇದರಿಂದ ಕುಂದಿಲ್ಲ. ಆದರೆ ನಿಮ್ಮ ಮಗು ಆ ಶಾಲೆಯಲ್ಲಿ ಏನು ಕಲಿಯುತ್ತದೆ ಎಂಬುದನ್ನು ಆ ಫೋಟೊ ಹೇಳುವುದಿಲ್ಲ. ಸೇರಿಸುವ ಮುನ್ನ ಕಚೇರಿಯಲ್ಲಿ ಕೇಳಿ: ಮೂರು ವರ್ಷದ ಹಿಂದೆ ಎಂಟಕ್ಕೆ ಎಷ್ಟು ಮಂದಿ ಸೇರಿದ್ದರು, ಅವರಲ್ಲಿ ಎಷ್ಟು ಮಂದಿ ನಿಮ್ಮಲ್ಲಿಂದಲೇ ಹತ್ತು ಬರೆದರು? ಒಂಬತ್ತರ ಕೊನೆಗೆ ಎಷ್ಟು ಟಿಸಿ ಕೊಟ್ಟಿರಿ? ಉತ್ತರಕ್ಕಿಂತ ಮೊದಲು ಬರುವ ಮೌನವನ್ನೂ ಗಮನಿಸಿ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ಶೇಕಡಾವನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ಬೇಡ. ಪ್ರಶ್ನೆಪತ್ರಿಕೆ ಬೇರೆ, ಗೆರೆ ಬೇರೆ.

ಮಾನ್ಯರೇ, ಇಡೀ ಜಿಲ್ಲೆಗೆ ಒಂದೇ ಸಲ ಮಾಡಿ ಎನ್ನುವುದಿಲ್ಲ. ಗುಡಿಬಂಡೆ ನಮ್ಮಲ್ಲಿ ಚಿಕ್ಕ ತಾಲ್ಲೂಕು, ಅಲ್ಲಿಂದ ಶುರುಮಾಡಿ. ಸ್ಯಾಟ್ಸ್‌ನಿಂದ ಎಂಟನೇ ತರಗತಿಯ ಹಳೆಯ ಪಟ್ಟಿ ಇಳಿಸಿಕೊಂಡು ಐದು ಗುರುತು ಹಾಕಲು ಒಂದು ಶಾಲೆಗೆ ಒಂದು ಮಧ್ಯಾಹ್ನ ಸಾಕು. ಎಲ್ಲೂ ದಾಖಲಾಗದ ಮಕ್ಕಳ ಮನೆಗೆ ಹೋಗಿ ಬರಲು ಇನ್ನೆರಡು ದಿನ. ಮೊದಲ ವರ್ಷ ಛೇದ, ಮೂರು ವರ್ಷದ ಮೊತ್ತ, ರಾಜ್ಯ ಸರಾಸರಿಯಿಂದ ಅಂತರ, ಶಿಕ್ಷಕರಿದ್ದ ತಿಂಗಳು, ಈ ನಾಲ್ಕು ಕಾಲಂ ಮಾತ್ರ ಬರಲಿ. ಸ್ಥಾನದ ಕಾಲಂ ತೆಗೆದುಹಾಕಿ. ಸೇತುಬಂಧದ ಗುಂಪುಗಳನ್ನು ಈ ಜೂನ್‌ನಲ್ಲಿ ಗುರುತಿಸಿಟ್ಟರೆ ಅದರ ಫಲ ಲೆಕ್ಕಕ್ಕೆ ಸಿಗುವುದು ಮೂರು ವರ್ಷದ ಮೇಲೆ. ಆದ್ದರಿಂದ ಈ ಜೂನ್ ತಪ್ಪಿಸಬೇಡಿ. ಎಕ್ಸೆಲ್ ನಮೂನೆಯನ್ನು ಸೂತ್ರಗಳ ಸಮೇತ ಸಿದ್ಧಮಾಡಿ ಕೊಡಲು, ಮೂರು ಶನಿವಾರ ಬಿಇಒ ಕಚೇರಿಯಲ್ಲಿ ಕೂತು ಮುಖ್ಯ ಶಿಕ್ಷಕರಿಗೆ ತುಂಬುವುದನ್ನು ತೋರಿಸಲು ನಾವು ತಯಾರಿದ್ದೇವೆ. ಊಟ-ಭತ್ಯೆ ಬೇಡ. ಸ್ಯಾಟ್ಸ್ ಲಾಗಿನ್ ಮತ್ತು ಕರೆಂಟು ಇರುವ ಒಂದು ಕೊಠಡಿ ಸಾಕು.

ಇಂತಿ,
ಚಿಕ್ಕಬಳ್ಳಾಪುರ ಜಿಲ್ಲೆಯ ಕೆಲವು ಪ್ರೌಢಶಾಲಾ ಶಿಕ್ಷಕರು ಮತ್ತು ನಿವೃತ್ತ ಮುಖ್ಯ ಶಿಕ್ಷಕರು

ಪ್ರತಿ: ಜಿಲ್ಲೆಯ ಎಲ್ಲ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಪ್ರೌಢಶಾಲೆಗಳ ಎಸ್‌ಡಿಎಂಸಿ ಅಧ್ಯಕ್ಷರಿಗೆ